ಗಿನಿಪಿಗ್ ಮೂತ್ರದಲ್ಲಿ ರಕ್ತ: ‘ಸೋಂಕು’ ಎಂದು ಎಷ್ಟು ಸಲ ಮದ್ದು ಕೊಡುವುದು?

ಪ್ರಶ್ನೆ: ನಮ್ಮ ಹೆಣ್ಣು ಗಿನಿಪಿಗ್ ಚುಕ್ಕಿಗೆ ಮೂರೂವರೆ ವರ್ಷ, ತೂಕ 900 ಗ್ರಾಂ. ಒಂದೂವರೆ ತಿಂಗಳಿಂದ ಉಚ್ಚೆ ಹೊಯ್ಯುವಾಗ ಕೀರಲು ದನಿ ತೆಗೆಯುತ್ತಾಳೆ. ಎರಡು ಸಲ ರಕ್ತವೂ ಕಂಡಿತು. ಮೂತ್ರದ ಸೋಂಕು ಎಂದು ಹೇಳಿ ವೈದ್ಯರು ಒಂದು ವಾರ ಆಂಟಿಬಯಾಟಿಕ್ ಮತ್ತು ನೋವಿನ ಔಷಧ ಕೊಟ್ಟರು. ಕೊಟ್ಟಷ್ಟು ದಿನ ಆರಾಮಾಗಿದ್ದಳು, ನಿಲ್ಲಿಸಿದ ಮೇಲೆ ಮತ್ತೆ ಶುರು. ಎರಡನೇ ಸಲವೂ ಇದೇ ಕಥೆ. ಹಾಸಿನ ಬಟ್ಟೆ ಮೇಲೆ ಬಿಳಿ ಪುಡಿ ಉಳಿಯುತ್ತಿದೆ. ಕ್ಯಾಲ್ಸಿಯಂ ಜಾಸ್ತಿಯಾಗಿರಬಹುದೆಂದು ಸೊಪ್ಪು ತರಕಾರಿ ಎಲ್ಲ ನಿಲ್ಲಿಸಿದ್ದೇವೆ. ಮಗುವಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಮನೆಯಲ್ಲಿ ಉಳಿದಿದೆ, ಎರಡು ಹನಿ ಕೊಡಬಹುದೆ? ಕಲ್ಲಿದ್ದರೆ ಕರಗಿಸುವ ಔಷಧ ಇದೆಯೆ? ಆಪರೇಷನ್ ಎಂದರೆ ಭಯವಾಗುತ್ತದೆ. ಜೊತೆಯಲ್ಲಿರುವ ಇನ್ನೊಂದು ಗಿನಿಪಿಗ್‌ಗೂ ಇದು ಅಂಟುತ್ತದೆಯೆ, ಬೇರೆ ಇಡಬೇಕೆ?

ಉತ್ತರ: ಮೊದಲು ಆ ಸಿರಪ್ ಬಾಟಲಿಯನ್ನು ಕೈಗೆ ಸಿಗದ ಕಡೆ ಇಡಿ. ಎರಡು ಹನಿಯೂ ಬೇಡ, ಅರ್ಧ ಹನಿಯೂ ಬೇಡ. ಮನುಷ್ಯರ ಮಗುವಿಗೆ ಸೌಮ್ಯವಾದ ಅಮಾಕ್ಸಿಸಿಲಿನ್ ಗಿನಿಪಿಗ್ ಹೊಟ್ಟೆಗೆ ಹೋದರೆ ಜೀವಕ್ಕೇ ಕುತ್ತು. ಹುಲ್ಲು ಜೀರ್ಣವಾಗುವುದು ಅದರ ದೊಡ್ಡ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಂದ. ಪೆನಿಸಿಲಿನ್ ಕುಟುಂಬದ ಔಷಧಗಳು ಬಾಯಿಯ ಮೂಲಕ ಹೋದಾಗ ಆ ಒಳ್ಳೆಯವು ಸಾಯುತ್ತವೆ, ಕ್ಲಾಸ್ಟ್ರಿಡಿಯಂ ಜಾತಿಯ ಕೆಟ್ಟವು ಮೆರೆಯುತ್ತವೆ. ಅವುಗಳ ವಿಷಕ್ಕೆ ಭೇದಿ ಶುರುವಾಗಿ ಕೆಲವೇ ದಿನಗಳಲ್ಲಿ ಪ್ರಾಣಿ ಹೋಗಿಬಿಡುತ್ತದೆ. ಆಂಪಿಸಿಲಿನ್, ಸೆಫಲೆಕ್ಸಿನ್ ತರಹದವು, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಎರಿತ್ರೊಮೈಸಿನ್ ಇವೂ ಅದೇ ಸಾಲಿಗೆ ಸೇರಿದವು. ಗಿನಿಪಿಗ್‌ಗಳಿಗೆ ನಾವು ಸಾಮಾನ್ಯವಾಗಿ ಬರೆಯುವುದು ಟ್ರೈಮೆಥೊಪ್ರಿಮ್ ಮತ್ತು ಸಲ್ಫಾ ಜೋಡಿಯನ್ನು, ಇಲ್ಲವೆ ಎನ್ರೊಫ್ಲಾಕ್ಸಾಸಿನ್ ಅನ್ನು. ನಾಯಿ ಬೆಕ್ಕುಗಳನ್ನೇ ಹೆಚ್ಚಾಗಿ ನೋಡುವ ಆಸ್ಪತ್ರೆಗೆ ಹೋದರೆ ಚೀಟಿಯಲ್ಲಿ ಯಾವ ಔಷಧ ಬರೆದಿದ್ದಾರೆ ಎಂದು ಒಮ್ಮೆ ಓದಿ, ಅನುಮಾನ ಬಂದರೆ ಕೇಳಿ. ಕೇಳಿದ್ದಕ್ಕೆ ಯಾವ ವೈದ್ಯರೂ ಬೇಸರ ಮಾಡಿಕೊಳ್ಳಬಾರದು.

ಇನ್ನೊಂದು ತುರ್ತಿನ ಮಾತು. ಚುಕ್ಕಿ ಹಿಂಭಾಗ ಎತ್ತಿ ಮುಕ್ಕಿ ಮುಕ್ಕಿ ನೋಡುತ್ತಾಳೆ, ಆದರೆ ಒಂದು ಹನಿಯೂ ಬರುತ್ತಿಲ್ಲ ಎಂದಾದರೆ, ಅಥವಾ ಮೈಮುದುಡಿ, ರೋಮ ನಿಮಿರಿಸಿಕೊಂಡು ಮೂಲೆಯಲ್ಲಿ ಕೂತು ಹುಲ್ಲಿನ ಕಡೆ ತಿರುಗಿಯೂ ನೋಡುತ್ತಿಲ್ಲ ಎಂದಾದರೆ, ಈ ಉತ್ತರವನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೊರಡಿ. ಮೂತ್ರ ಕಟ್ಟಿದರೆ ಕಾಯಲು ಇರುವುದು ಗಂಟೆಗಳು ಮಾತ್ರ. ಹೊಟ್ಟೆ ಒತ್ತಿ ಉಚ್ಚೆ ಹೊಯ್ಯಿಸಲು ಹೋಗಬೇಡಿ, ತುಂಬಿದ ಮೂತ್ರಕೋಶ ಒಡೆಯಬಹುದು.

ಅಷ್ಟೇನೂ ಆಗಿಲ್ಲ, ತಿನ್ನುತ್ತಿದ್ದಾಳೆ, ಓಡಾಡುತ್ತಿದ್ದಾಳೆ, ಹೊಯ್ಯುವಾಗ ಮಾತ್ರ ಕಿರುಚುತ್ತಾಳೆ ಎಂದಾದರೆ ಮುಂದಕ್ಕೆ ಓದಿ.

ಬಿಳಿ ಪುಡಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚಿನವರು ಹೆದರುವುದು ಅದಕ್ಕೆ, ಹೆದರಬೇಕಾದ್ದು ಬೇರೆಯದಕ್ಕೆ. ನಮ್ಮ ಕರುಳು ಮೈಗೆ ಎಷ್ಟು ಬೇಕೋ ಅಷ್ಟೇ ಕ್ಯಾಲ್ಸಿಯಂ ಹೀರಿ ಉಳಿದದ್ದನ್ನು ಮಲದಲ್ಲಿ ಬಿಡುತ್ತದೆ. ಗಿನಿಪಿಗ್ ಕರುಳಿಗೆ ಆ ಲೆಕ್ಕಾಚಾರ ಇಲ್ಲ. ತಿಂದದ್ದರಲ್ಲಿ ಸಿಕ್ಕಷ್ಟನ್ನೂ ಹೀರಿಕೊಂಡು, ಹೆಚ್ಚಾದದ್ದನ್ನು ಕಿಡ್ನಿಯ ಮೂಲಕ ಉಚ್ಚೆಗೆ ಸುರಿಯುತ್ತದೆ. ಅದರ ಉಚ್ಚೆ ಕ್ಷಾರೀಯ, ಪಿಎಚ್ 8ರಿಂದ 9ರ ಆಸುಪಾಸು. ಕ್ಷಾರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ನಿಲ್ಲುವುದಿಲ್ಲ, ಸಣ್ಣ ಹರಳುಗಳಾಗುತ್ತದೆ. ಹಾಗಾಗಿ ಆರೋಗ್ಯವಂತ ಗಿನಿಪಿಗ್ ಉಚ್ಚೆಯೂ ಸ್ವಲ್ಪ ಕದಡಿದಂತೆಯೇ ಇರುತ್ತದೆ, ಒಣಗಿದಾಗ ಬಿಳಿ ಗುರುತು ಬಿಡುತ್ತದೆ. ಆ ಗುರುತನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ. ಮುಖಕ್ಕೆ ಹಚ್ಚುವ ಪೌಡರಿನಂತೆ ನುಣ್ಣಗಿದ್ದರೆ ಅದು ದಿನನಿತ್ಯದ ಸಂಗತಿ. ಮರಳಿನಂತೆ ಗರಗರ ಎಂದರೆ, ಅಥವಾ ಉಚ್ಚೆಯೇ ಗಟ್ಟಿ ಪೇಸ್ಟಿನಂತೆ ಬಂದು ಬಾಲದ ಕೆಳಗೆ ಮೆತ್ತಿಕೊಂಡಿದ್ದರೆ, ಮೂತ್ರಕೋಶದ ತಳದಲ್ಲಿ ಕೆಸರು ಕೂತಿದೆ ಎಂದು ಅರ್ಥ. ವೈದ್ಯರು ಸ್ಲಡ್ಜ್ ಎನ್ನುವುದು ಇದನ್ನೇ.

ಬಣ್ಣದ ವಿಷಯದಲ್ಲೂ ಒಂದು ಎಚ್ಚರ ಬೇಕು. ತಿಂದ ಸೊಪ್ಪು ತರಕಾರಿಯ ಬಣ್ಣದಿಂದಲೂ ಉಚ್ಚೆ ಕಿತ್ತಳೆ, ಇಟ್ಟಿಗೆ ಬಣ್ಣಕ್ಕೆ ತಿರುಗುವುದುಂಟು. ಕೆಲವೊಮ್ಮೆ ಹೊಯ್ದಾಗ ಹಳದಿಯಾಗಿದ್ದದ್ದು ಗಾಳಿಗೆ ಬಿದ್ದು ಒಂದು ತಾಸಿನಲ್ಲಿ ಕಂದು ಕೆಂಪಾಗುತ್ತದೆ. ಬೆಳಿಗ್ಗೆ ಎದ್ದು ಬಟ್ಟೆಯ ಮೇಲೆ ಕೆಂಪು ಕಲೆ ನೋಡಿದವರಿಗೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಚುಕ್ಕಿ ಹೊಯ್ಯುವ ಕ್ಷಣದಲ್ಲೇ ಕೆಂಪಾಗಿದ್ದರೆ, ಅಥವಾ ಕೆಂಪು ಎಳೆ, ಹೆಪ್ಪು ಕಂಡರೆ ಅದು ರಕ್ತವೇ. ಸಂಶಯವಿದ್ದರೆ ತಾಜಾ ಉಚ್ಚೆಯನ್ನು ಸಿರಿಂಜಿನಲ್ಲಿ ಹೀರಿ ಕೂಡಲೇ ಒಯ್ಯಿರಿ, ಪರೀಕ್ಷಾ ಪಟ್ಟಿ ಅದ್ದಿದರೆ ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಚುಕ್ಕಿಯ ವಿಷಯದಲ್ಲಿ ರಕ್ತದ ಜೊತೆ ಕಿರುಚಾಟವೂ ಇರುವುದರಿಂದ ನನಗೆ ಸಂಶಯ ಕಡಿಮೆ.

ಈಗ ಮುಖ್ಯ ವಿಷಯ. ‘ಸೋಂಕು’ ಎಂಬುದು ಬಹಳ ಅನುಕೂಲದ ಪದ. ಹೇಳುವವರಿಗೂ ಸುಲಭ, ಕೇಳುವವರಿಗೂ ನೆಮ್ಮದಿ, ಒಂದು ಸಿರಪ್ಪಿನಲ್ಲಿ ಮಾತು ಮುಗಿಯುತ್ತದೆ. ಹೆಣ್ಣು ಗಿನಿಪಿಗ್‌ನ ಮೂತ್ರದ್ವಾರ ಗುದದ್ವಾರಕ್ಕೆ ತೀರಾ ಹತ್ತಿರ, ನಾಳವೂ ಗಿಡ್ಡ, ಆದ್ದರಿಂದ ಬ್ಯಾಕ್ಟೀರಿಯಾ ಒಳಗೆ ಹೋಗುವುದು ನಿಜವೇ. ಆದರೆ ಔಷಧ ನಿಲ್ಲಿಸಿದ ವಾರಕ್ಕೇ ಮರಳಿ ಬರುವ ಸೋಂಕು ಒಂಟಿಯಾಗಿ ಬರುವುದು ಕಡಿಮೆ. ಅದರ ಹಿಂದೆ ಯಾರೋ ಕೂತಿರುತ್ತಾರೆ, ಬಹಳ ಸಲ ಒಂದು ಕಲ್ಲು. ಕಲ್ಲಿನ ಒರಟು ಮೈಯ ಸಂದುಗೊಂದುಗಳಲ್ಲಿ ಬ್ಯಾಕ್ಟೀರಿಯಾ ಅಡಗಿರುತ್ತವೆ. ಔಷಧ ಇರುವಷ್ಟು ದಿನ ಹೊರಗಿನವು ಸಾಯುತ್ತವೆ, ನಿಲ್ಲಿಸಿದೊಡನೆ ಒಳಗಿನವು ಮತ್ತೆ ಹೊರಡುತ್ತವೆ. ಇನ್ನೂ ಒಂದು ಮೋಸವಿದೆ. ನಿಮಗೆ ಆಂಟಿಬಯಾಟಿಕ್ ಜೊತೆಗೆ ನೋವಿನ ಔಷಧವನ್ನೂ ಕೊಟ್ಟಿದ್ದಾರೆ. ಆ ವಾರ ಚುಕ್ಕಿ ಆರಾಮಾಗಿದ್ದದ್ದು ಯಾವುದರಿಂದ? ಬ್ಯಾಕ್ಟೀರಿಯಾ ಸತ್ತದ್ದರಿಂದಲೋ, ಊತ ಇಳಿದದ್ದರಿಂದಲೋ? ಕಲ್ಲು ಅಲ್ಲೇ ಇದ್ದರೂ ನೋವಿನ ಔಷಧ ಕೊಟ್ಟರೆ ಕಿರುಚುವುದು ನಿಲ್ಲುತ್ತದೆ. ‘ಔಷಧಕ್ಕೆ ಬಗ್ಗಿತು, ಹಾಗಾದರೆ ಸೋಂಕೇ ಇತ್ತು’ ಎಂಬ ತರ್ಕ ಇಲ್ಲಿ ಕಾಲು ಜಾರುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ವೃತ್ತಿಗೆ ಬಂದ ಹೊಸತರಲ್ಲಿ ಒಂದು ಗಂಡು ಗಿನಿಪಿಗ್‌ಗೆ ಹೀಗೆಯೇ ಎರಡು ಸಲ ಆಂಟಿಬಯಾಟಿಕ್ ಬರೆದೆ. ಎರಡೂ ಸಲ ಸುಧಾರಿಸಿತು, ಮನೆಯವರು ಥ್ಯಾಂಕ್ಸ್ ಹೇಳಿ ಹೋದರು. ಮೂರನೇ ಸಲ ಬಂದಾಗ ಒಂದು ದಿನದಿಂದ ಉಚ್ಚೆ ಇರಲಿಲ್ಲ. ಆಗ ತೆಗೆದ ಎಕ್ಸ್‌ರೇಯಲ್ಲಿ ಮೂತ್ರನಾಳದ ಬಾಗಿನಲ್ಲಿ ಕಾಳುಮೆಣಸಿನಷ್ಟು ದೊಡ್ಡ ಬಿಳಿ ಚುಕ್ಕೆ ಕೂತಿತ್ತು. ಆ ರಾತ್ರಿ ಆ ಗಿನಿಪಿಗ್ ಉಳಿಯಲಿಲ್ಲ. ಮೊದಲ ದಿನವೇ ಎಕ್ಸ್‌ರೇ ತೆಗೆದಿದ್ದರೆ ಆ ಚುಕ್ಕೆ ಮೂತ್ರಕೋಶದಲ್ಲೇ, ಕೈಗೆ ಸಿಗುವ ಜಾಗದಲ್ಲೇ ಕಾಣುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ. ಅಂದಿನಿಂದ ಗಿನಿಪಿಗ್ ಉಚ್ಚೆಯಲ್ಲಿ ರಕ್ತ ಎಂದರೆ ಮೊದಲ ಭೇಟಿಯಲ್ಲೇ ಎಕ್ಸ್‌ರೇ ಕೇಳುತ್ತೇನೆ. ಚುಕ್ಕಿಗೆ ಎರಡು ಕೋರ್ಸ್ ಮುಗಿದಿವೆ. ಮೂರನೆಯದು ಶುರುವಾಗುವ ಮೊದಲು ಚಿತ್ರ ಬೇಕೇ ಬೇಕು.

ಸಮಾಧಾನದ ವಿಷಯವೆಂದರೆ ಗಿನಿಪಿಗ್ ಕಲ್ಲುಗಳು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್‌ನವು, ಸೀಮೆಸುಣ್ಣದ ಜಾತಿ. ಎಕ್ಸ್‌ರೇಯಲ್ಲಿ ಎಲುಬಿನಷ್ಟೇ ಬೆಳ್ಳಗೆ ಕಾಣುತ್ತವೆ, ತಪ್ಪಿಸಿಕೊಳ್ಳುವುದು ಕಷ್ಟ. ಆದರೆ ಚಿತ್ರ ತೆಗೆಯುವಾಗ ಮೈಯ ಹಿಂಭಾಗ ಪೂರ್ತಿ ಬರಬೇಕು. ಹೆಣ್ಣಿನಲ್ಲಿ ಕಲ್ಲು ಎಷ್ಟೋ ಸಲ ಮೂತ್ರಕೋಶದಿಂದ ಹೊರಟು ನಾಳದ ತುದಿಗೆ, ಇನ್ನೇನು ಹೊರಬೀಳುವ ಜಾಗಕ್ಕೆ ಬಂದು ಸಿಕ್ಕಿಕೊಂಡಿರುತ್ತದೆ. ಬೆರಳಿಟ್ಟು ನೋಡಿದರೆ ಸಣ್ಣ ಗಟ್ಟಿ ಗುಂಡಾಗಿ ಸಿಗುತ್ತದೆ. ಹಾಗಿದ್ದರೆ ನಿಮ್ಮ ಅದೃಷ್ಟ, ಅರಿವಳಿಕೆಯ ಮತ್ತು ಬರಿಸಿ ನಾಳದ ಬಾಯಿಂದಲೇ ಜಾರಿಸಿ ತೆಗೆಯಬಹುದು, ಹೊಟ್ಟೆ ಕೊಯ್ಯುವುದೇ ಬೇಡ. ಚಿತ್ರದ ಚೌಕಟ್ಟು ಸೊಂಟಕ್ಕೇ ನಿಂತುಬಿಟ್ಟರೆ ಇದೇ ಕಲ್ಲು ಕಣ್ಣಿಗೆ ಬೀಳುವುದಿಲ್ಲ.

ಹೆಣ್ಣಾದ್ದರಿಂದ ಇನ್ನೊಂದು ಸಾಧ್ಯತೆಯನ್ನೂ ಹೇಳಲೇಬೇಕು. ರಕ್ತ ಉಚ್ಚೆಯ ಜೊತೆ ಬಂದ ಮಾತ್ರಕ್ಕೆ ಅದು ಮೂತ್ರಕೋಶದ್ದೇ ಆಗಬೇಕಿಲ್ಲ. ಗಿನಿಪಿಗ್‌ನಲ್ಲಿ ಮೂತ್ರದ್ವಾರ ಬೇರೆ, ಯೋನಿ ಬೇರೆ. ಯೋನಿಗೆ ತೆಳ್ಳನೆ ಪೊರೆ ಮುಚ್ಚಿಕೊಂಡಿರುತ್ತದೆ, ಬೆದೆಯ ದಿನಗಳಲ್ಲಿ ಮತ್ತು ಹೆರಿಗೆಯಲ್ಲಿ ಮಾತ್ರ ತೆರೆಯುತ್ತದೆ. ವಯಸ್ಸಾದ ಹೆಣ್ಣುಗಳಲ್ಲಿ ಅಂಡಾಶಯದ ನೀರುಗುಳ್ಳೆ ತೀರಾ ಸಾಮಾನ್ಯ. ಗರ್ಭಕೋಶದ ಗಡ್ಡೆ, ಕೀವು ಇವೂ ಬರುತ್ತವೆ. ಅಲ್ಲಿಂದ ಬಂದ ರಕ್ತ ಬಟ್ಟೆಯ ಮೇಲೆ ಉಚ್ಚೆಯೊಂದಿಗೆ ಬೆರೆತು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಬೆನ್ನಿನ ಎರಡೂ ಪಕ್ಕ ಒಂದೇ ರೀತಿ ರೋಮ ಉದುರಿದೆಯೇ, ಮೊಲೆತೊಟ್ಟು ಒರಟಾಗಿ ಕಂದುಬಣ್ಣಕ್ಕೆ ತಿರುಗಿದೆಯೇ, ತೂಕ ಏರದೆ ಹೊಟ್ಟೆ ಮಾತ್ರ ದಪ್ಪಗಾಗಿದೆಯೇ ನೋಡಿ. ಎಕ್ಸ್‌ರೇಯಲ್ಲಿ ಕಲ್ಲಿಲ್ಲದಿದ್ದರೆ ಮುಂದಿನ ಹೆಜ್ಜೆ ಅಲ್ಟ್ರಾಸೌಂಡ್. ಹೊಟ್ಟೆಯ ಮೇಲಿಂದ ಸೂಜಿ ಹಾಕಿ ಮೂತ್ರಕೋಶದಿಂದಲೇ ತೆಗೆದ ಮೂತ್ರದಲ್ಲಿ ರಕ್ತವಿಲ್ಲದೆ, ಬಟ್ಟೆಯ ಮೇಲೆ ಬಿದ್ದದ್ದರಲ್ಲಿ ಮಾತ್ರ ಇದ್ದರೆ ಕಳ್ಳ ಯಾವ ಕೋಣೆಯವನು ಎಂಬುದು ಅಲ್ಲೇ ಗೊತ್ತಾಗುತ್ತದೆ. ಆ ಮೂತ್ರವನ್ನು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೂ ಕಳಿಸಿದರೆ ಸೋಂಕು ನಿಜವಾಗಿ ಇದೆಯೇ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಊಹೆಯ ಆಟವೂ ಮುಗಿಯುತ್ತದೆ. ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಅದು ಮತ್ತಿಗೂ ಬೇಕು, ನೋವಿನ ಔಷಧಕ್ಕೂ ಬೇಕು.

ಕಲ್ಲು ಮೂತ್ರಕೋಶದಲ್ಲೇ ಇದೆ ಎಂದಾದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಕರಗಿಸುವ ಔಷಧ ಇಲ್ಲ. ಬೆಕ್ಕು ನಾಯಿಗಳಲ್ಲಿ ಒಂದು ಬಗೆಯ ಕಲ್ಲನ್ನು ವಿಶೇಷ ಆಹಾರ ಕೊಟ್ಟು, ಮೂತ್ರವನ್ನು ಆಮ್ಲೀಯ ಮಾಡಿ ಕರಗಿಸುತ್ತೇವೆ. ಆ ಸುದ್ದಿ ಕೇಳಿದವರು ಗಿನಿಪಿಗ್‌ಗೂ ಹುಳಿ ಪದಾರ್ಥ, ಕ್ರ್ಯಾನ್‌ಬೆರಿ ರಸ ಎಂದು ಕುಡಿಸಲು ಹೋಗುತ್ತಾರೆ. ಹುಲ್ಲು ತಿನ್ನುವ ಪ್ರಾಣಿಯ ಮೂತ್ರ ಹುಟ್ಟಾ ಕ್ಷಾರೀಯ, ರಸ ಕುಡಿಸಿ ಅದನ್ನು ತಿರುಗಿಸಲಾಗದು. ರಸದ ಸಕ್ಕರೆಗೆ ಕರುಳು ಕೆಡುವುದಷ್ಟೇ ಲಾಭ. ಪೊಟ್ಯಾಸಿಯಂ ಸಿಟ್ರೇಟ್ ಎಂಬ ಔಷಧವನ್ನು ಕೆಲವು ವೈದ್ಯರು ಕೊಡುತ್ತಾರೆ. ಅದರ ಉದ್ದೇಶ ಇನ್ನೊಂದು ಕಲ್ಲು ಕಟ್ಟದಂತೆ ತಡೆಯುವುದು, ಕಟ್ಟಿದ್ದನ್ನು ಒಡೆಯುವುದಲ್ಲ. ತೀರಾ ಸಣ್ಣದಾದರೆ ಹೆಣ್ಣಿನಲ್ಲಿ ತಾನಾಗಿಯೇ ಹೊರಬಂದದ್ದೂ ಉಂಟು. ನೀರಿನಂಶ ಹೆಚ್ಚಿಸಿ, ನೋವು ತಗ್ಗಿಸಿ, ಒಂದೆರಡು ವಾರದಲ್ಲಿ ಮತ್ತೆ ಚಿತ್ರ ತೆಗೆದು ನೋಡುವುದರಲ್ಲಿ ತಪ್ಪಿಲ್ಲ. ದೊಡ್ಡದಾಗಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

ಆಪರೇಷನ್ ಭಯ ನನಗೂ ಅರ್ಥವಾಗುತ್ತದೆ. ಗಿನಿಪಿಗ್‌ಗೆ ಅರಿವಳಿಕೆ ಕೊಡುವುದು ನಾಯಿಗೆ ಕೊಟ್ಟಷ್ಟು ನಿಶ್ಚಿಂತೆಯ ಕೆಲಸವಲ್ಲ. ಆದರೆ ಅಪಾಯದ ಹೆಚ್ಚಿನ ಪಾಲು ಚಾಕುವಿನ ಹತ್ತಿರ ಇರುವುದಿಲ್ಲ, ಮೊದಲಿನ ಮತ್ತು ನಂತರದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಇರುತ್ತದೆ: ಮೈ ತಣ್ಣಗಾಗುವುದು, ನೋವಿಗೆ ತಿನ್ನುವುದನ್ನು ಬಿಡುವುದು, ಕರುಳು ನಿಲ್ಲುವುದು. ಹಾಗಾಗಿ ವೈದ್ಯರನ್ನು ಆರಿಸುವಾಗ ಈ ಪ್ರಶ್ನೆಗಳನ್ನು ಕೇಳಿ: ಗಿನಿಪಿಗ್‌ಗಳಲ್ಲಿ ಈ ಆಪರೇಷನ್ ಮಾಡಿದ್ದೀರಾ, ಮೈ ಬೆಚ್ಚಗಿಡಲು ಏನು ಮಾಡುತ್ತೀರಿ, ಎಚ್ಚರವಾದ ಮೇಲೆ ಎಷ್ಟು ಹೊತ್ತಿಗೆ ಸಿರಿಂಜಿನಲ್ಲಿ ಆಹಾರ ಶುರು ಮಾಡುತ್ತೀರಿ? ಆಪರೇಷನ್‌ಗೆ ಮೊದಲು ರಾತ್ರಿಯಿಡೀ ಉಪವಾಸ ಇಡಿ ಎಂದರೆ ಮಾತ್ರ ಒಮ್ಮೆ ಯೋಚಿಸಿ. ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ, ಅಷ್ಟು ಹೊತ್ತು ಹೊಟ್ಟೆ ಖಾಲಿ ಬಿಟ್ಟರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ತೆಗೆದ ಕಲ್ಲನ್ನು ಕಸಕ್ಕೆ ಹಾಕಲು ಬಿಡದೆ ವಿಶ್ಲೇಷಣೆಗೆ ಕಳಿಸಿ. ಮತ್ತೆ ಕಲ್ಲು ಬರುವ ಸಂಭವ ಇದ್ದೇ ಇದೆ, ಅದನ್ನು ಮುಚ್ಚಿಟ್ಟು ನಾನು ಧೈರ್ಯ ತುಂಬಲಾರೆ. ಆದರೆ ಮೂರೂವರೆ ವರ್ಷದ, ತಿಂದುಂಡು ಗಟ್ಟಿಯಾಗಿರುವ ಹೆಣ್ಣಿಗೆ ನಾನಾದರೆ ಆಪರೇಷನ್ ಮಾಡಿಸುತ್ತೇನೆ.

ಕಲ್ಲೂ ಇಲ್ಲ, ಗರ್ಭಕೋಶವೂ ಸರಿ, ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾವೂ ಬೆಳೆಯಲಿಲ್ಲ, ಆದರೂ ಕಿರುಚುತ್ತಾಳೆ ಎಂಬ ಫಲಿತಾಂಶ ಬಂದರೆ ಆಶ್ಚರ್ಯಪಡಬೇಡಿ. ಸೋಂಕಿಲ್ಲದೆಯೂ ಮೂತ್ರಕೋಶದ ಒಳಪದರ ಉರಿಗೊಳ್ಳುತ್ತದೆ. ಕಾರಣ ಪೂರ್ತಿ ಬಗೆಹರಿದಿಲ್ಲದ, ಬಂದು ಹೋಗಿ ಮಾಡುವ ಕಾಯಿಲೆ ಇದು. ಇಲ್ಲಿ ಆಂಟಿಬಯಾಟಿಕ್ ದಂಡ. ನೋವು ಊತ ಇಳಿಸುವ ಔಷಧವನ್ನು ದೀರ್ಘಕಾಲ ಕೊಡುವುದು, ನೀರು ಹೆಚ್ಚಿಸುವುದು, ಗಲಾಟೆ ಗಾಬರಿ ತಗ್ಗಿಸುವುದು ಇವೇ ದಾರಿ. ಒಳಪದರಕ್ಕೆ ಬಲ ಬರಲೆಂದು ಕೆಲವರು ಗ್ಲುಕೋಸಮೈನ್ ಸೇರಿಸುತ್ತಾರೆ, ಕೆಲವಕ್ಕೆ ಹಿಡಿಸುತ್ತದೆ, ಕೆಲವಕ್ಕೆ ಇಲ್ಲ. ಕೆಸರು ಮಾತ್ರ ಇದ್ದರೆ ಚರ್ಮದಡಿ ದ್ರವ ಕೊಡುವುದು, ತೀರಾ ಗಟ್ಟಿಯಾಗಿದ್ದರೆ ಮತ್ತಿನಲ್ಲಿ ಮೂತ್ರಕೋಶ ತೊಳೆಯುವುದು.

ನೋವಿನ ಔಷಧದ ಬಗ್ಗೆ ಒಂದೇ ಮಾತು. ಮೆಲಾಕ್ಸಿಕಾಮ್ ನಾವು ಧಾರಾಳವಾಗಿ ಬಳಸುವ ಔಷಧ. ಆದರೆ ಕಿಡ್ನಿ ಸರಿಯಿಲ್ಲದಿದ್ದರೆ, ಮೈಯಲ್ಲಿ ನೀರಿಲ್ಲದಿದ್ದರೆ ಅದೇ ಮುಳುವಾಗುತ್ತದೆ. ಡೋಸನ್ನು ವೈದ್ಯರು ತೂಕ ನೋಡಿ ಹೇಳಲಿ. ಮನೆಯ ಡಬ್ಬಿಯ ಮಾತ್ರೆಗಳನ್ನು ಮುಟ್ಟಬೇಡಿ.

ಇನ್ನು ಆಹಾರ. ಸೊಪ್ಪು ತರಕಾರಿ ಎಲ್ಲ ನಿಲ್ಲಿಸಿದ್ದೀರಿ ಎಂದು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಉದ್ದೇಶ ಒಳ್ಳೆಯದೇ, ಪರಿಣಾಮ ಉಲ್ಟಾ. ಸೌತೆಕಾಯಿ, ಲೆಟಿಸ್, ಕ್ಯಾಪ್ಸಿಕಂ ಎಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಅದನ್ನು ನಿಲ್ಲಿಸಿದಿರಿ ಎಂದರೆ ಚುಕ್ಕಿಯ ದಿನದ ನೀರಿನಲ್ಲಿ ದೊಡ್ಡ ಪಾಲನ್ನು ಕಿತ್ತುಕೊಂಡಿರಿ. ಉಚ್ಚೆ ಗಟ್ಟಿಯಾಯಿತು, ಹರಳಿಗೆ ಹಬ್ಬ. ಮೇಲಾಗಿ ಗಿನಿಪಿಗ್‌ಗೆ ನಮ್ಮ ಹಾಗೆಯೇ ಸಿ ಜೀವಸತ್ವವನ್ನು ಮೈಯಲ್ಲಿ ತಯಾರಿಸಲು ಬರುವುದಿಲ್ಲ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಕಾಯಿಲೆಯಲ್ಲಿ ಹೆಚ್ಚಿನ ತುದಿಗೇ ಹೋಗಬೇಕು. 100 ಗ್ರಾಂ ಕೆಂಪು ಕ್ಯಾಪ್ಸಿಕಂನಲ್ಲಿ 120 ಮಿಲಿಗ್ರಾಂಗೂ ಹೆಚ್ಚು ಇದೆ, ಕ್ಯಾಲ್ಸಿಯಂ ಮಾತ್ರ ನಗಣ್ಯ. ಬೆರಳುದ್ದದ ಎರಡು ಮೂರು ಹೋಳು ಕೊಟ್ಟರೆ ಚುಕ್ಕಿಯ ದಿನದ ಲೆಕ್ಕ ಮುಗಿಯಿತು. ಸಿ ಜೀವಸತ್ವದ ಹನಿಯನ್ನು ನೀರಿನ ಬಾಟಲಿಗೆ ಹಾಕುವ ಅಭ್ಯಾಸವಿದ್ದರೆ ಬಿಡಿ. ಅದು ನೀರಿನಲ್ಲಿ ಬೇಗ ಕೆಡುತ್ತದೆ, ರುಚಿ ಬದಲಾದ ನೀರನ್ನು ಪ್ರಾಣಿ ಕಡಿಮೆ ಕುಡಿಯುತ್ತದೆ. ಮಾತ್ರೆ ಕೊಡುವುದಾದರೆ ಲೇಬಲ್ ಓದಿ, ಕ್ಯಾಲ್ಸಿಯಂ ಆಸ್ಕಾರ್ಬೇಟ್ ಎಂದಿದ್ದರೆ ಅದು ಬೇಡ.

ಬಿಡಬೇಕಾದದ್ದು ಬೇರೆ ಪಟ್ಟಿ. ಪಾಲಕ್, ಪಾರ್ಸ್ಲಿ, ಕೇಲ್, ಬೀಟ್‌ರೂಟ್ ಎಲೆ ಇವುಗಳನ್ನು ದಿನಚರಿಯಿಂದ ತೆಗೆಯಿರಿ. ಪಂಜರದಲ್ಲಿ ಉಪ್ಪಿನ ಗಡ್ಡೆ, ಖನಿಜದ ಬಿಲ್ಲೆ ತೂಗುಹಾಕಿದ್ದರೆ ಇವತ್ತೇ ಬಿಚ್ಚಿ. ಒಣಹುಲ್ಲಿನಲ್ಲಿ ಆಲ್ಫಾಲ್ಫಾ, ಅಂದರೆ ಲೂಸರ್ನ್, ಬೆಳೆಯುವ ಮರಿಗಳಿಗೆ ಮತ್ತು ಬಸುರಿಗಳಿಗೆ ಸರಿ. ದೊಡ್ಡವಕ್ಕೆ ಅದರ ಕ್ಯಾಲ್ಸಿಯಂ ಅತಿಯಾಗುತ್ತದೆ. ಎಷ್ಟೋ ಪೆಲೆಟ್ಟುಗಳ, ಅಂದರೆ ಅಂಗಡಿಯ ಗುಳಿಗೆ ಆಹಾರದ, ಚೀಲದ ಮುಂದೆ ಹಸಿರು ಹುಲ್ಲಿನ ಚಿತ್ರ, ಹಿಂದೆ ಸಣ್ಣಕ್ಷರದಲ್ಲಿ ಮೊದಲ ಪದಾರ್ಥ ಆಲ್ಫಾಲ್ಫಾ. ತಿಮೋಥಿಯಂಥ ಹುಲ್ಲಿನಿಂದ ಮಾಡಿದ ಪೆಲೆಟ್ಟನ್ನೇ ಹುಡುಕಿ, ದಿನಕ್ಕೆ ಒಂದೆರಡು ಚಮಚಕ್ಕೆ ಇಳಿಸಿ. ಉಳಿದದ್ದೆಲ್ಲ ಒಣಹುಲ್ಲು, ಹಗಲೂ ರಾತ್ರಿಯೂ ಮುಗಿಯದಷ್ಟು. ಹಾಗೆಂದು ಕ್ಯಾಲ್ಸಿಯಂ ಶೂನ್ಯ ಮಾಡುವ ಹಟ ಬೇಡ, ಎಲುಬು ಹಲ್ಲು ಕೆಡುತ್ತವೆ. ಒಂದೇ ಮನೆಯಲ್ಲಿ ಒಂದೇ ಆಹಾರ ತಿಂದ ಎರಡರಲ್ಲಿ ಒಂದಕ್ಕೆ ಮಾತ್ರ ಕಲ್ಲಾದದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ಕ್ಯಾಲ್ಸಿಯಂ ಕೋಷ್ಟಕ ಹಿಡಿದು ಎಲೆ ಎಣಿಸುವುದಕ್ಕಿಂತ ನೀರಿನ ಕಡೆ ಗಮನ ಕೊಡಿ ಎನ್ನುತ್ತೇನೆ.

ಗಿನಿಪಿಗ್‌ಗೆ ದಿನಕ್ಕೆ ಕಿಲೋಗೆ ಸುಮಾರು 100 ಮಿಲಿಲೀಟರ್ ನೀರು ಬೇಕು, ಚುಕ್ಕಿಗೆ 90. ಹಸಿ ಆಹಾರದಿಂದ ಅರ್ಧ ಬಂದರೂ ಉಳಿದದ್ದು ಬಾಟಲಿಯಿಂದ ಬರಬೇಕು. ಬಾಟಲಿಯ ಕೊಳವೆಯ ಗುಂಡನ್ನು ನೀವೇ ಬೆರಳಿಂದ ಒತ್ತಿ ನೋಡಿ. ಗಿನಿಪಿಗ್‌ಗಳು ಬಾಯಲ್ಲಿರುವ ಹುಲ್ಲನ್ನು ನೀರಿನ ಜೊತೆ ಹಿಂದಕ್ಕೆ ಊದುತ್ತವೆ, ಕೊಳವೆ ಕಟ್ಟಿ ಎರಡು ದಿನದಿಂದ ಹನಿಯೂ ಬರದಿದ್ದದ್ದು ಯಾರಿಗೂ ಗೊತ್ತಾಗಿರುವುದಿಲ್ಲ. ಬಾಟಲಿಯ ಜೊತೆ ಭಾರವಾದ ಬಟ್ಟಲನ್ನೂ ಇಡಿ, ಬಗ್ಗಿ ಕುಡಿಯುವುದನ್ನು ಇಷ್ಟಪಡುವವು ಎಷ್ಟೋ ಇವೆ. ಸೊಪ್ಪನ್ನು ತೊಳೆದು ನೀರು ಒದರದೆ ಹಾಗೇ ಕೊಡಿ. ಗಡಸು ನೀರಾದರೆ ಶೋಧಿಸಿದ್ದು ಒಳ್ಳೆಯದು.

ಒಂದು ಅಡಿಗೆಮನೆಯ ತಕ್ಕಡಿ ಇಟ್ಟುಕೊಳ್ಳಿ. ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಬುಟ್ಟಿಯಲ್ಲಿ ಕೂರಿಸಿ ತೂಕ ಬರೆಯಿರಿ. ಈ ಪ್ರಾಣಿಗಳು ಕಾಯಿಲೆಯನ್ನು ಮುಚ್ಚಿಡುವುದರಲ್ಲಿ ನಿಸ್ಸೀಮರು, ತಟ್ಟೆಯ ಮುಂದೆ ಕೂತು ತಿಂದಂತೆ ನಟಿಸುವುದೂ ಉಂಟು. ತಕ್ಕಡಿಯ ಮುಂದೆ ಆ ನಾಟಕ ನಡೆಯುವುದಿಲ್ಲ. ಎರಡು ಮೂರು ದಿನದಲ್ಲಿ 50 ಗ್ರಾಂ ಇಳಿದರೆ ವೈದ್ಯರಿಗೆ ಫೋನ್ ಮಾಡಿ, 100 ಇಳಿದರೆ ಹೊರಡಿ. ತಿನ್ನುವುದು ಕಡಿಮೆಯಾದ ದಿನವೇ ಹುಲ್ಲಿನ ಪುಡಿಯ ಆಹಾರವನ್ನು, ಅದು ಸಿಗದಿದ್ದರೆ ನೆನೆಸಿ ಅರೆದ ಪೆಲೆಟ್ಟನ್ನು ಸಿರಿಂಜಿನಲ್ಲಿ ಕೊಡಬೇಕು. ಏನೂ ತಿನ್ನದಿದ್ದರೆ ದಿನಕ್ಕೆ ಕಿಲೋಗೆ 50ರಿಂದ 80 ಮಿಲಿಲೀಟರ್, ಐದಾರು ಸಲ ಹಂಚಿ. ಅಂಗಾತ ಮಲಗಿಸಬೇಡಿ. ಮಡಿಲಲ್ಲಿ ಟವೆಲ್ ಸುತ್ತಿ ನಾಲ್ಕೂ ಕಾಲು ಕೆಳಗಿರುವಂತೆ ಕೂರಿಸಿ, ಮುಂಹಲ್ಲಿನ ಹಿಂದಿನ ಸಂದಿಯಲ್ಲಿ ಪಕ್ಕದಿಂದ ಸಿರಿಂಜ್ ತುದಿ ಇಟ್ಟು, ಒಂದು ಮಿಲಿಗಿಂತ ಕಡಿಮೆ ಬಿಡಿ. ಅಗಿಯುವ ಸದ್ದು ಕೇಳಿ, ನುಂಗಿದ ಮೇಲೆ ಮುಂದಿನದು. ಅವಸರಕ್ಕೆ ಒತ್ತಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಹಾಸಿಗೆ ಬಿಳಿಯದಾಗಿರಲಿ, ಬಣ್ಣ ಬಣ್ಣದ ಚಿತ್ರದ ಬಟ್ಟೆಯಲ್ಲಿ ರಕ್ತ ಕಾಣುವುದಿಲ್ಲ. ದಿನಕ್ಕೆ ಎರಡು ಸಲ ಬದಲಿಸಿ. ತೊಟ್ಟಿಕ್ಕುವ ಉಚ್ಚೆಗೆ ತೊಡೆಯ ಒಳಗಿನ ಚರ್ಮ ಕೆಂಪಾಗಿ ಸುಟ್ಟಂತಾಗುತ್ತದೆ. ಉಗುರುಬೆಚ್ಚನೆ ನೀರಿನಲ್ಲಿ ಹಿಂಭಾಗ ಮಾತ್ರ ತೊಳೆದು, ಉಜ್ಜದೆ ಒತ್ತಿ ಪೂರ್ತಿ ಒಣಗಿಸಿ. ಮುಲಾಮು ಬೇಕಾದರೆ ವೈದ್ಯರನ್ನು ಕೇಳಿ, ಏನು ಹಚ್ಚಿದರೂ ಅದನ್ನು ನೆಕ್ಕುತ್ತಾಳೆ ಎಂಬುದು ನೆನಪಿರಲಿ. ದಿನಕ್ಕೊಂದೆರಡು ಗಂಟೆ ಪಂಜರದ ಹೊರಗೆ ಓಡಾಡಲಿ, ಒಂದೇ ಕಡೆ ಕೂತ ಪ್ರಾಣಿಯ ಮೂತ್ರಕೋಶದಲ್ಲಿ ಕೆಸರೂ ಕೂರುತ್ತದೆ.

ಜೊತೆಗಾರ್ತಿಗೆ ಇದು ಅಂಟುವುದಿಲ್ಲ. ಬೇರೆ ಇಡಬೇಡಿ, ಒಂಟಿಯಾದ ಗಿನಿಪಿಗ್ ತಿನ್ನುವುದನ್ನೇ ಬಿಟ್ಟುಬಿಡಬಹುದು. ಆಸ್ಪತ್ರೆಗೆ ಹೋಗುವಾಗಲೂ ಇಬ್ಬರನ್ನೂ ಒಂದೇ ಬುಟ್ಟಿಯಲ್ಲಿ ಒಯ್ಯಿರಿ. ಆದರೆ ಹೊರಡುವ ಮುಂಚೆ ಒಂದು ಗಂಟೆ ಮಾತ್ರ ಇಬ್ಬರನ್ನೂ ಬೇರೆ ಬೇರೆ ಬಿಳಿ ಟವೆಲ್ ಮೇಲೆ, ಒಬ್ಬರಿಗೊಬ್ಬರು ಕಾಣುವಂತೆ ಕೂರಿಸಿ. ಚುಕ್ಕಿ ಹೊಯ್ಯುವಾಗ ಬೆನ್ನು ಹೇಗೆ ಬಾಗುತ್ತದೆ, ದನಿ ಮೊದಲು ಬರುತ್ತದೋ ಕೊನೆಯಲ್ಲೋ, ಹಿಕ್ಕೆ ಹಾಕುವಾಗಲೂ ಕಿರುಚುತ್ತಾಳೋ ಎಂಬುದನ್ನು ಫೋನಿನಲ್ಲಿ ವೀಡಿಯೊ ಮಾಡಿಕೊಳ್ಳಿ, ಏಕೆಂದರೆ ಪರೀಕ್ಷೆಯ ಮೇಜಿನ ಮೇಲೆ ಅವಳು ಗಾಬರಿಗೆ ಕಲ್ಲಿನಂತೆ ಕೂರುತ್ತಾಳೆ. ಎರಡೂ ಟವೆಲ್ಲುಗಳನ್ನು ಮಡಚಿ ಜೊತೆಗೆ ತನ್ನಿ. ರಕ್ತ ಚುಕ್ಕಿಯದು ಎಂದು ಒಂದೂವರೆ ತಿಂಗಳಿಂದ ನಂಬಿದ್ದೀರಿ, ಅದೂ ಒಮ್ಮೆ ಖಾತ್ರಿಯಾಗಲಿ.